ಹಳದಿಯ ಮೊದಲಕ್ಷರ: ಹಳೆಯ ಸ್ಕಾಟ್ಸ್ ಭಾಷೆಯಲ್ಲಿ ಒಂದು ತಪ್ಪು ಓದು

‘ಝಲ್ಲೊ’ ಅಂದರೇನು ಅಂತ ಹುಡುಕುತ್ತ ನಾನೊಮ್ಮೆ ಇಡೀ ಸಂಜೆ ಕಳೆದಿದ್ದೇನೆ. ಸ್ಕಾಟ್ಲೆಂಡಿನ ಹಳೆಯ ದಾಖಲೆಗಳ ಒಂದು ಮುದ್ರಿತ ಪ್ರತಿ ಓದುತ್ತಿದ್ದೆ. ಬಟ್ಟೆಬರೆಗಳ ಪಟ್ಟಿ. ಕೆಂಪು, ಕಪ್ಪು, ಬಿಳಿ ಎಲ್ಲ ಗುರುತು ಸಿಕ್ಕವು. ನಡುವೆ ಈ ‘ಝಲ್ಲೊ’ ಬಂತು. ಯಾವುದೋ ಊರಿನ ಹೆಸರಿರಬೇಕು, ಅಲ್ಲಿಂದ ಬಂದ ಬಟ್ಟೆ ಇರಬೇಕು ಅಂತ ಟಿಪ್ಪಣಿ ಮಾಡಿಕೊಂಡೆ. ಇಂಗ್ಲಿಷ್ ನಿಘಂಟಿನ ಕೊನೆಯ ಪುಟಗಳನ್ನೆಲ್ಲ ತಿರುವಿದೆ, ಸಿಗಲಿಲ್ಲ. ಸಿಗುವ ಹಾಗೂ ಇರಲಿಲ್ಲ, ಯಾಕೆಂದರೆ ಅಂಥ ಪದವೇ ಇಲ್ಲ. ಅಲ್ಲಿ ಬರೆದಿದ್ದದ್ದು ‘ಯಲ್ಲೊ’. ಹಳದಿ, ಅಷ್ಟೆ.

ತಪ್ಪು ನನ್ನದೇ. ಆದರೆ ಅದೇ ತಪ್ಪನ್ನು ಐನೂರು ವರ್ಷಗಳಿಂದ ಬಹಳ ಜನ ಮಾಡಿದ್ದಾರೆ, ಈಗಲೂ ಮಾಡುತ್ತಿದ್ದಾರೆ. ಅದರ ಒಂದು ಪರಿಣಾಮ ನಮ್ಮ ಶಾಸನಶಾಸ್ತ್ರದ ಚರಿತ್ರೆಯಲ್ಲೇ ಕೂತಿದೆ, ನಾವೆಲ್ಲ ದಿನವೂ ಉಚ್ಚರಿಸುವ ಒಂದು ಹೆಸರಿನಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಭಾಷೆಯ ವಿಷಯ. ಸ್ಕಾಟ್ಲೆಂಡ್ ಅಂದ ಕೂಡಲೇ ಗೇಲಿಕ್ ನೆನಪಾಗುವುದು ಸಹಜ. ನಾನಿಲ್ಲಿ ಹೇಳುತ್ತಿರುವುದು ಅದಲ್ಲ. ತಗ್ಗುನಾಡಿನ ಜನ ಆಡುತ್ತಿದ್ದ, ಹಳೆಯ ಇಂಗ್ಲಿಷಿನ ಉತ್ತರದ ಕವಲಿನಿಂದ ಬೆಳೆದ ಭಾಷೆ ಸ್ಕಾಟ್ಸ್. ಇಂಗ್ಲಿಷಿಗೆ ಅದು ಮಗಳಲ್ಲ, ತಂಗಿ. ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಅದು ರಾಜ್ಯದ ಭಾಷೆ. ಕಾನೂನು, ಕಾವ್ಯ, ಲೆಕ್ಕಪತ್ರ ಎಲ್ಲ ಅದರಲ್ಲೇ. ಗೇವಿನ್ ಡಗ್ಲಸ್ ಎಂಬ ಕವಿ ವರ್ಜಿಲನ ಈನಿಯಡ್ ಕಾವ್ಯವನ್ನು 1513ರಲ್ಲಿ ಪೂರ್ತಿ ಅನುವಾದಿಸಿ ಮುಗಿಸಿದಾಗ, ತನ್ನ ಭಾಷೆ ಇಂಗ್ಲಿಷ್ ಅಲ್ಲ, ಸ್ಕಾಟ್ಸ್ ಅಂತ ಬೇರೆ ಮಾಡಿ ಹೇಳಿದ. 1700ರವರೆಗಿನ ಈ ಭಾಷೆಯನ್ನು ವಿದ್ವಾಂಸರು ಹಳೆಯ ಸ್ಕಾಟ್ಸ್ ಎನ್ನುತ್ತಾರೆ. ಅದಕ್ಕೊಂದು ದೊಡ್ಡ ನಿಘಂಟಿದೆ: ಡಿಕ್ಷನರಿ ಆಫ್ ದಿ ಓಲ್ಡರ್ ಸ್ಕಾಟಿಷ್ ಟಂಗ್. ವಿಲಿಯಂ ಕ್ರೇಗಿ ಆರಂಭಿಸಿದ್ದು. ಮೊದಲ ಕಂತು 1931ರಲ್ಲಿ ಬಂತು, ಹನ್ನೆರಡನೆಯ ಸಂಪುಟದೊಂದಿಗೆ ಮುಗಿದದ್ದು 2002ರಲ್ಲಿ. ನಮ್ಮ ಪರಿಷತ್ತಿನ ನಿಘಂಟಿನ ಕೆಲಸ ನೋಡಿದವರಿಗೆ ಇದೇನೂ ಆಶ್ಚರ್ಯದ ಅವಧಿ ಅನ್ನಿಸಲಿಕ್ಕಿಲ್ಲ.

ಈಗ ಅಕ್ಷರ. ಆ ಹಳದಿಯ ಮೊದಲಕ್ಷರದ ಹೆಸರು ‘ಯೋಗ್’. ನಮ್ಮ ಯೋಗಕ್ಕೂ ಅದಕ್ಕೂ ಸಂಬಂಧವಿಲ್ಲ! ನೋಡಲಿಕ್ಕೆ ಅಂಕಿ 3ರ ಹಾಗಿರುತ್ತದೆ, ಕೆಳಗಿನ ಹೊಟ್ಟೆ ಸಾಲಿನಿಂದ ಕೆಳಕ್ಕೆ ಇಳಿದು ಬಾಲವಾಗುತ್ತದೆ. ಹಳೆಯ ಇಂಗ್ಲಿಷಿನವರು ‘ಜಿ’ ಅಕ್ಷರವನ್ನು ಐರ್ಲೆಂಡಿನಿಂದ ಬಂದ ಒಂದು ಶೈಲಿಯಲ್ಲಿ ಬರೆಯುತ್ತಿದ್ದರು, ತಲೆ ಚಪ್ಪಟೆ, ಕೆಳಗೆ ತೆರೆದ ಕೊಕ್ಕೆ. ಆ ಒಂದೇ ಅಕ್ಷರಕ್ಕೆ ಎರಡು ಧ್ವನಿ: ಕೆಲವು ಕಡೆ ಗಟ್ಟಿ ಗಕಾರ, ಇಕಾರ ಎಕಾರಗಳ ಮುಂದೆ ಸಾಮಾನ್ಯವಾಗಿ ಯಕಾರ. ಹಳದಿಗೆ ಅವರ ಪದ ‘ಯೆಒಲು’, ಬರವಣಿಗೆಯಲ್ಲಿ ಮೊದಲು ‘ಜಿ’. 1066ರಲ್ಲಿ ನಾರ್ಮನ್ನರು ಬಂದ ಮೇಲೆ ಫ್ರಾನ್ಸಿನ ಶೈಲಿಯ ಹೊಸ ‘ಜಿ’ ಬಳಕೆಗೆ ಬಂತು. ಗಕಾರದ ಕೆಲಸ ಅದಕ್ಕೆ ಹೋಯಿತು. ಹಳೆಯ ಕೊಕ್ಕೆ ಆಕಾರ ಯಕಾರಕ್ಕೂ, ಗಂಟಲಿನಿಂದ ಬರುವ ಇನ್ನೊಂದು ಉಜ್ಜುಧ್ವನಿಗೂ ಉಳಿದುಕೊಂಡಿತು. ಅದೇ ಯೋಗ್.

ದಕ್ಷಿಣದಲ್ಲಿ, ಅಂದರೆ ಇಂಗ್ಲೆಂಡಿನಲ್ಲಿ, ಅದು ಕ್ರಮೇಣ ಸತ್ತುಹೋಯಿತು. ಅದರ ಜಾಗಕ್ಕೆ ‘ವೈ’ ಬಂತು, ಗಂಟಲಿನ ಧ್ವನಿಗೆ ‘ಜಿ’ ಮತ್ತು ‘ಎಚ್’ ಸೇರಿಸಿ ಬರೆದರು. ಸ್ಕಾಟ್ಲೆಂಡಿನ ಬರಹಗಾರರು ಮಾತ್ರ ಬಿಡಲಿಲ್ಲ. ಬಿಡದಿರಲು ಒಂದು ಕಾರಣವೂ ಇತ್ತು, ಅದು ಲಿಪಿಯ ವಿಷಯದಲ್ಲಿ ಆಸಕ್ತಿ ಇರುವವರಿಗೆ ಖುಷಿ ಕೊಡುವಂಥದ್ದು. ಉತ್ತರದ ಕೈಬರಹದಲ್ಲಿ ‘ಥಾರ್ನ್’ ಅನ್ನುವ ಇನ್ನೊಂದು ಹಳೆಯ ಅಕ್ಷರ (ಇಂಗ್ಲಿಷಿನ ‘ದ’, ‘ಥ’ ಧ್ವನಿಗಳಿಗೆ) ಸವೆದು ಸವೆದು ‘ವೈ’ ಆಕಾರಕ್ಕೇ ಬಂದುಬಿಟ್ಟಿತ್ತು. ಹದಿನೇಳನೆಯ ಶತಮಾನದ ಗೋರಿಕಲ್ಲುಗಳ ಮೇಲೆ ‘ವೈ’ ಪಕ್ಕ ‘ಇ’ ಕೆತ್ತಿರುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಅದನ್ನು ‘ಯೆ’ ಅಂತ ಓದಬಾರದು, ಅದು ‘ದ’ ಅನ್ನುವ ನಿರ್ದೇಶಕ ಪದ. ಹಾಗಾಗಿ ಪದದ ಮೊದಲಲ್ಲಿ ‘ವೈ’ ಹಾಕಿದರೆ ಓದುವವನು ದಕಾರ ಅಂದುಕೊಳ್ಳುವ ಅಪಾಯ ಇತ್ತು. ಯಕಾರವೇ ಬೇಕು ಅಂದರೆ ಯೋಗ್ ಹಾಕುವುದು ಸುರಕ್ಷಿತ.

ಆದರೆ ಯೋಗ್ ಕೂಡ ಸವೆಯುತ್ತಿತ್ತು. ಬಾಲವಿರುವ ‘ಝೆಡ್’ ಬರೆಯುವ ಕೈ ಮತ್ತು ಯೋಗ್ ಬರೆಯುವ ಕೈ ಒಂದೇ ಆಗುತ್ತ ಬಂದು, ಹದಿನೈದನೆಯ ಶತಮಾನದ ಹೊತ್ತಿಗೆ ಎಷ್ಟೋ ಹಸ್ತಪ್ರತಿಗಳಲ್ಲಿ ಎರಡಕ್ಕೂ ಏನೂ ವ್ಯತ್ಯಾಸವಿಲ್ಲ. ಅಂದರೆ ‘ವೈ’ನಂತೆ ಕಾಣುವುದು ದಕಾರ, ‘ಝೆಡ್’ನಂತೆ ಕಾಣುವುದು ಯಕಾರ. ನಮ್ಮಲ್ಲಿ ಮೂರು ನಾಲ್ಕನೆಯ ಶತಮಾನದಿಂದ ಹದಿನೆಂಟರವರೆಗಿನ ಲಿಪಿ ಓದುವವರಿಗೆ ಇಂಥ ಆಟ ಹೊಸದಲ್ಲ. ಪ, ಷ, ವ, ಮ ಒಂದರಂತೆ ಇನ್ನೊಂದು ಕಾಣುವ ಕಲ್ಲುಗಳ ಮುಂದೆ ನಾವೂ ನಿಂತಿದ್ದೇವಲ್ಲ.

ಗಮನಿಸಬೇಕಾದ್ದು ಇದು: ಆ ಕಾಲದ ಓದುಗರಿಗೆ ಇದರಿಂದ ಒಂದಿಷ್ಟೂ ತೊಂದರೆ ಆಗಲಿಲ್ಲ. ಅವರ ಭಾಷೆಯಲ್ಲಿ ಝಕಾರದಿಂದ ಶುರುವಾಗುವ ಮನೆಮಾತಿನ ಪದಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೊದಲಲ್ಲಿ ಆ ಆಕಾರ ಕಂಡರೆ ಅದು ಯಕಾರವೇ. 1508ರಲ್ಲಿ ಚೆಪ್‌ಮನ್ ಮತ್ತು ಮಿಲ್ಲರ್ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡಿನ ಮೊದಲ ಅಚ್ಚುಕೂಟ ನಡೆಸಿದರು. ಅಲ್ಲಿಂದ ಮುಂದಕ್ಕೆ ಸ್ಕಾಟಿಷ್ ಮುದ್ರಕರು ಯೋಗ್‌ಗೆ ಅಂತ ಬೇರೆ ಮೊಳೆ ಹುಡುಕುವ ಗೋಜಿಗೆ ಹೋಗದೆ ‘ಝೆಡ್’ ಮೊಳೆಯನ್ನೇ ಹಾಕಿದರು. ಕಾಗದದ ಮೇಲೆ ಅಂದಾಜಿನಲ್ಲಿದ್ದ ಹೋಲಿಕೆ ಸೀಸದಲ್ಲಿ ಖಾಯಂ ಆಯಿತು. ವರ್ಷ ಅನ್ನುವ ಪದ ‘ಝೀರ್’ ಆಗಿ ಕಾಣಿಸಿತು, ಓದಬೇಕಾದ್ದು ‘ಯೀರ್’. ನೀವು ಅನ್ನುವ ಪದ ‘ಝೆ’, ಓದಬೇಕಾದ್ದು ‘ಯೆ’. ಕೋಟೆ ನೋಡಲು ಹೋದವರು ಸ್ಕಾಟ್ಲೆಂಡಿನಲ್ಲಿ ಕಬ್ಬಿಣದ ಸರಳು ಹೆಣೆದ ‘ಯೆಟ್’ ಬಾಗಿಲನ್ನು ನೋಡಿರುತ್ತಾರೆ, ಅದರ ಹಳೆಯ ಬರವಣಿಗೆಯೂ ಹೀಗೇ. ನಮ್ಮ ಹಳದಿ ‘ಝಲ್ಲೊ’.

ಹಳದಿಯ ವಿಷಯಕ್ಕೆ ಪೂರ್ತಿ ಬರೋಣ, ಯಾಕೆಂದರೆ ಪದವೇ ಸ್ವಾರಸ್ಯದ್ದು. ಹಳೆಯ ಸ್ಕಾಟ್ಸ್‌ನಲ್ಲಿ ಅದರ ಬರವಣಿಗೆ ಒಂದೇ ತರ ಇಲ್ಲ. ಮೊದಲಕ್ಷರ ಯೋಗ್, ‘ವೈ’ ಅಥವಾ ‘ಝೆಡ್’. ಸ್ವರ ಕೆಲವೊಮ್ಮೆ ಅಕಾರ, ಕೆಲವೊಮ್ಮೆ ಎಕಾರ: ಯಲ್ಲೊ, ಯೆಲ್ಲೊ. ಇಂಗ್ಲಿಷ್ ಎಕಾರಕ್ಕೆ ನಿಂತಿತು, ಸ್ಕಾಟ್ಸ್‌ಗೆ ಅಕಾರ ಪ್ರಿಯ. ಕೊನೆಯ ‘ಒ’ ಇಂದಿನ ಸ್ಕಾಟ್ಸ್ ಮಾತಿನಲ್ಲಿ ಸಡಿಲಗೊಂಡು ‘ಯೆಲ್ಲ’ ಆಗಿದೆ. ಪೂರ್ತಿ ‘ಯೆಲ್ಲೊ’ ಅಂದರೆ ಸ್ವಲ್ಪ ಇಸ್ಕೂಲು ಮಾತು.

ಅದೇ ಭಾಷೆಯಲ್ಲಿ ಹಳದಿಯ ಇನ್ನೊಂದು ಎಳೆಯೂ ಇದೆ. ಅದು ಗಕಾರದ್ದು. ಉತ್ತರದಿಂದ ಬಂದ ನಾರ್ಸ್ ಜನ ಹಳದಿಗೆ ‘ಗುಲ್‌ರ್’ ಅನ್ನುತ್ತಿದ್ದರು. ಅವರಲ್ಲಿ ಗಕಾರ ಯಕಾರವಾಗಿ ಮೆತ್ತಗಾಗಲಿಲ್ಲ. ಸ್ಕಾಟ್ಸ್‌ನಲ್ಲಿ ಕಾಮಾಲೆ ರೋಗಕ್ಕೆ ‘ಗುಲ್ಸೋಖ್’ ಅನ್ನುವ ಪದ ಇತ್ತು: ‘ಗುಲ್’ ಅಂದರೆ ಹಳದಿ, ಉಳಿದದ್ದು ಬೇನೆ. ನಾವು ‘ಅರಿಶಿನ ಕಾಮಾಲೆ’ ಅಂತ ಬಣ್ಣ ಸೇರಿಸಿ ಹೇಳುವ ಹಾಗೇ. ಹಾಗೆಯೇ ಹೊಲದಲ್ಲಿ ಬೆಳೆಯ ನಡುವೆ ಏಳುವ ಹಳದಿ ಹೂವಿನ ಒಂದು ಕಳೆ, ‘ಗುಲ್ಡ್’ ಅಥವಾ ‘ಗೂಲ್’. ಚೆಂದದ ಹೂವು, ಆದರೆ ಒಮ್ಮೆ ಬಂದರೆ ಹೊಲ ಬಿಡುವುದಿಲ್ಲ. ಹಳೆಯ ಸ್ಕಾಟಿಷ್ ಕಾನೂನು ಸಂಗ್ರಹಗಳಲ್ಲಿ ಇದರ ಮೇಲೆ ಒಂದು ವಿಧಿಯೇ ಇದೆ. ರಾಜನ ಜಮೀನಿನಲ್ಲಿ ಈ ಕಳೆ ಹಬ್ಬಲು ಬಿಟ್ಟ ಒಕ್ಕಲಿಗ, ರಾಜನ ವಿರುದ್ಧ ದಂಡು ತಂದವನಿಗೆ ಸಮಾನ! ಪರ್ತ್‌ಶೈರ್‌ನ ಕಾರ್ಗಿಲ್ ಎಂಬಲ್ಲಿ ಹೊಲಗಳನ್ನು ಸುತ್ತಿ ಈ ಕಳೆ ಹುಡುಕಿ ದಂಡ ಹಾಕುವ ಪದ್ಧತಿ ಬಹಳ ಕಾಲ ಇತ್ತು. ಹಳದಿಯ ಮೇಲೆ ಇಷ್ಟು ಕೋಪ ಬೇರೆಲ್ಲೂ ನಾನು ನೋಡಿಲ್ಲ. ಪಾಪ, ‘ಯೆಲ್ಲೊ ಯೋರ್ಲಿನ್’ ಅನ್ನುವ ಹಳದಿ ತಲೆಯ ಪುಟ್ಟ ಹಕ್ಕಿಯ ಮೇಲೂ ಅಲ್ಲಿನ ಹಳ್ಳಿಗರಿಗೆ ಅನುಮಾನ. ಮೇ ತಿಂಗಳ ಬೆಳಗ್ಗೆ ಅದು ಸೈತಾನನ ರಕ್ತದ ಒಂದು ತೊಟ್ಟು ಕುಡಿಯುತ್ತದೆ ಅಂತ ಕತೆ.

ಅಂದರೆ ಒಂದೇ ಬೇರು ಒಂದೇ ನಾಡಿನಲ್ಲಿ ಯಕಾರವಾಗಿಯೂ ಗಕಾರವಾಗಿಯೂ ಬದುಕಿತ್ತು. ‘ಗೋಲ್ಡ್’, ಚಿನ್ನ, ಅದೂ ಇದೇ ಬೇರು. ಇನ್ನೂ ಹಿಂದಕ್ಕೆ ಹೋದರೆ ಆ ಬೇರಿನ ಮೊದಲ ಧ್ವನಿ ‘ಘ್’ ತರದ್ದು. ಜರ್ಮನಿಕ್ ಭಾಷೆಗಳಲ್ಲಿ ಅದು ಗ, ಸಂಸ್ಕೃತದಲ್ಲಿ ಹ. ‘ಹರಿ’ ಅಂದರೆ ಹೊಂಬಣ್ಣ, ಹಸಿರು ಬೆರೆತ ಹಳದಿ. ‘ಹಿರಣ್ಯ’ ಚಿನ್ನ. ವಿಜಯನಗರದ ದಾನಶಾಸನಗಳನ್ನು ಓದಿದವರಿಗೆ ‘ಸಹಿರಣ್ಯೋದಕ ದಾನಧಾರಾಪೂರ್ವಕ’ ಅನ್ನುವುದು ಕಣ್ಣು ಮುಚ್ಚಿದರೂ ಕಾಣುತ್ತದೆ. ಅಲ್ಲಿರುವ ಹಿರಣ್ಯಕ್ಕೂ ಎಡಿನ್‌ಬರೋದ ಯಲ್ಲೊಗೂ ನೆಂಟಸ್ತಿಕೆ ಇದೆ. ಅಷ್ಟೇ ಅಲ್ಲ, ‘ಹರಿದ್ರಾ’ ಪ್ರಾಕೃತದಲ್ಲಿ ‘ಹಲದ್ದಾ’ ಆಗಿ, ಮರಾಠಿಯ ‘ಹಳದ’ ಮತ್ತು ನಮ್ಮ ‘ಹಳದಿ’ ಆಗಿ ನಿಂತಿದೆ. ಅಂದರೆ ಆ ಸಂಜೆ ಅರ್ಥ ಗೊತ್ತಾಗದೆ ನಾನು ಪೇಚಾಡಿದ ಪದ, ನಾನು ಅದಕ್ಕೆ ಕೊಡಬೇಕಾಗಿದ್ದ ಕನ್ನಡ ಪದದ ದೂರದ ದಾಯಾದಿ. ಗೇಲಿಕ್‌ನವರ ಹಳದಿ ಮಾತ್ರ ಬೇರೆ ಬೇರಿನದು, ‘ಬುಯ’. ಬೋವಿ ಎಂಬ ಮನೆತನದ ಹೆಸರು ಅದರಿಂದ ಬಂದದ್ದು ಅನ್ನುತ್ತಾರೆ, ಹೊಂಗೂದಲಿನವರು ಅಂತ.

ಇರಲಿ, ಅಕ್ಷರಕ್ಕೆ ವಾಪಸ್ಸು. 1603ರಲ್ಲಿ ಆರನೆಯ ಜೇಮ್ಸ್ ಲಂಡನ್ನಿಗೆ ಹೋಗಿ ಇಂಗ್ಲೆಂಡಿನ ಸಿಂಹಾಸನದಲ್ಲೂ ಕೂತ. 1707ರಲ್ಲಿ ಎರಡು ಪಾರ್ಲಿಮೆಂಟುಗಳು ಒಂದಾದವು. ಬರವಣಿಗೆ ಇಂಗ್ಲಿಷಿನ ಕಡೆ ವಾಲಿತು. ದಿನಬಳಕೆಯ ಪದಗಳು ಉಳಿದುಕೊಂಡವು: ಹಳದಿ, ವರ್ಷ, ಬಾಗಿಲು ಎಲ್ಲವಕ್ಕೂ ‘ವೈ’ ಬಂತು. ಬಾಯಲ್ಲಿ ದಿನಾ ಆಡುವ ಪದವನ್ನು ಯಾರೂ ತಪ್ಪಾಗಿ ಓದುವುದಿಲ್ಲ, ಬರವಣಿಗೆ ಮಾತಿನ ಹಿಂದೆ ಬಂದೇ ಬರುತ್ತದೆ. ಸಿಕ್ಕಿಹಾಕಿಕೊಂಡದ್ದು ಎರಡು ಬಗೆಯ ಪದಗಳು. ಒಂದು, ಕಾನೂನಿನವು. ವಕೀಲರು ಕಾಗುಣಿತ ಬದಲಿಸುವುದಿಲ್ಲ. ಪ್ರತಿವಾದಿಯನ್ನು ಖುಲಾಸೆ ಮಾಡುವುದಕ್ಕೆ ಸ್ಕಾಟ್ಲೆಂಡಿನ ಕೋರ್ಟುಗಳಲ್ಲಿ ಇಂದಿಗೂ ‘ಝೆಡ್’ ಹಾಕಿ ಬರೆದು ‘ಅಸೋಯ್ಲಿ’ ಅನ್ನುತ್ತಾರೆ, ಝಕಾರದ ಸುಳಿವೇ ಇಲ್ಲ. ಇನ್ನೊಂದು, ಊರು ಮತ್ತು ಮನೆತನದ ಹೆಸರುಗಳು.

ಹೆಸರು ದೂರ ಹೋಗುತ್ತದೆ, ಅದನ್ನು ಕಿವಿಯಿಂದ ಕೇಳದವರು ಕಣ್ಣಿನಿಂದ ಓದುತ್ತಾರೆ. ‘ಮೆಂಝೀಸ್’ ಅಂತ ಕಾಣುವ ಮನೆತನದ ಹೆಸರನ್ನು ಅಲ್ಲಿ ‘ಮಿಂಗಿಸ್’ ಅನ್ನುತ್ತಾರೆ. ಆಸ್ಟ್ರೇಲಿಯದ ಪ್ರಧಾನಿಯಾಗಿದ್ದ ರಾಬರ್ಟ್ ಮೆಂಝೀಸ್‌ಗೆ ‘ಮಿಂಗ್’ ಅನ್ನುವ ಅಡ್ಡಹೆಸರು ಬಂದದ್ದು ಇದರಿಂದಲೇ. ‘ಡಾಲ್ಝಿಯಲ್’ ಅಂತ ಬರೆದು ‘ಡಿಯೆಲ್’ ಅನ್ನುತ್ತಾರೆ. ‘ಕಲ್ಝೀನ್’ ಕೋಟೆ ಬಾಯಲ್ಲಿ ‘ಕಲೇನ್’. ಶೆಟ್ಲೆಂಡ್ ದ್ವೀಪಗಳಿಗೆ ‘ಝೆಟ್ಲೆಂಡ್’ ಅನ್ನುವ ರೂಪವೂ ಇತ್ತು, ಅದರ ಕೌಂಟಿ ಕೌನ್ಸಿಲ್ 1975ರವರೆಗೆ ಆ ಹೆಸರಿನಲ್ಲೇ ನಡೆಯಿತು. ಅಲ್ಲಿನ ಪಿನ್‌ಕೋಡಿನ ಮೊದಲಕ್ಷರ ಇವತ್ತಿಗೂ ‘ಝೆಡ್’. ಹಳದಿಯ ತಲೆಯ ಮೇಲಿದ್ದ ಅದೇ ಯೋಗ್ ಅದು.

ಇನ್ನು, ಮೆಕೆಂಜಿ.

ಹೌದು, ನಮ್ಮ ಕಾಲಿನ್ ಮೆಕೆಂಜಿಯೇ. ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನವನು. 1783ರಲ್ಲಿ ಮದ್ರಾಸಿಗೆ ಬಂದು, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಆಮೇಲೆ ಮೈಸೂರು ಸೀಮೆಯ ಮೋಜಣಿ ಮಾಡಿದವನು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ, 1821ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಅವನ ಸಂಗ್ರಹವನ್ನು ಎಚ್. ಎಚ್. ವಿಲ್ಸನ್ 1828ರಲ್ಲಿ ಪಟ್ಟಿ ಮಾಡಿದಾಗ ಲೆಕ್ಕಕ್ಕೆ ಸಿಕ್ಕ ಶಾಸನ ಪ್ರತಿಗಳೇ 8,076. ಎಪಿಗ್ರಾಫಿಯಾ ಕರ್ನಾಟಿಕ ಶುರುವಾಗುವುದಕ್ಕೆ ಬಹಳ ಮೊದಲು ನಡೆದ ಕೆಲಸ ಇದು.

ಮೆಕೆಂಜಿ ಅನ್ನುವ ಹೆಸರು ಗೇಲಿಕ್‌ನಲ್ಲಿ ‘ಮಾಕ್ ಕೊಯ್ನಿಖ್’, ಕೊಯ್ನಿಖ್ ಎಂಬುವನ ಮಗ. ಅದರ ನಡುವಿನ ಧ್ವನಿ ನಕಾರ ಯಕಾರ ಬೆರೆತದ್ದು, ನಮ್ಮ ಞಕಾರದ ಹಾಗೆ. ಹಳೆಯ ಸ್ಕಾಟ್ಸ್ ಬರಹಗಾರರು ಈ ಧ್ವನಿಗೆ ‘ಎನ್’ ಪಕ್ಕ ಯೋಗ್ ಹಾಕುತ್ತಿದ್ದರು. ಅಂದರೆ ಓದಬೇಕಾದ್ದು ಸುಮಾರಾಗಿ ‘ಮಕೆನ್ಯಿ’. ಯೋಗ್ ‘ಝೆಡ್’ ಆಗಿ ಅಚ್ಚಾಯಿತು, ಅಚ್ಚಾದದ್ದನ್ನು ಜನ ಹಾಗೇ ಓದಿದರು, ಕೊನೆಗೆ ಮನೆತನದವರೇ ಝಕಾರ ಹೇಳತೊಡಗಿದರು. ಮೆಂಝೀಸ್‌ನವರು ಹಳೆಯ ಉಚ್ಚಾರ ಉಳಿಸಿಕೊಂಡರು, ಮೆಕೆಂಜಿಗಳು ಬಿಟ್ಟುಕೊಟ್ಟರು. ಆ ತಪ್ಪು ಓದು ಹಡಗು ಹತ್ತಿ ಮದ್ರಾಸಿಗೆ ಬಂದು, ನಮ್ಮ ಬಾಯಲ್ಲಿ ಝಕಾರ ಜಕಾರವಾಗಿ, ‘ಮೆಕೆಂಜಿ’ ಆಗಿ ಕೂತಿದೆ. ಞಕಾರ ಹೇಳಲಿಕ್ಕೆ ಬರುವ, ಅದಕ್ಕೆ ಪ್ರತ್ಯೇಕ ಅಕ್ಷರವೇ ಇರುವ ನಾಡಿಗೆ ಆ ಹೆಸರು ಬಂದದ್ದು ಞಕಾರ ಕಳಕೊಂಡ ಮೇಲೆ!

ಇದೇ ಮೆಕೆಂಜಿಗೆ ಹಳಗನ್ನಡ ಶಾಸನಗಳನ್ನು ಓದಿ ಹೇಳಿದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಆಗಿನ ಕನ್ನಡಿಗರಲ್ಲೇ ಹೆಚ್ಚಿನವರಿಗೆ ಹಳೆಯ ಲಿಪಿ ಬರುತ್ತಿರಲಿಲ್ಲ. ೞ, ಱ ಅಕ್ಷರಗಳು ಬಳಕೆ ತಪ್ಪಿ ಎಷ್ಟೋ ಶತಮಾನಗಳಾಗಿದ್ದವು. ತನ್ನ ಹೆಸರಿನಲ್ಲೇ ಬಳಕೆ ತಪ್ಪಿದ ಅಕ್ಷರವೊಂದನ್ನು ಹೊತ್ತುಕೊಂಡವನು, ಬಳಕೆ ತಪ್ಪಿದ ಅಕ್ಷರ ಓದಬಲ್ಲವನನ್ನು ಹುಡುಕಿ ಜೊತೆಗಿಟ್ಟುಕೊಂಡ. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಮೆಕೆಂಜಿಯ ಚಿತ್ರ ನೋಡಿದ್ದೀರಿ ಅಂದುಕೊಳ್ಳುತ್ತೇನೆ, ಕೆಂಪು ಕೋಟಿನ ಅವನ ಸುತ್ತ ಮೂವರು ಭಾರತೀಯ ಸಹಾಯಕರು, ಹಿಂದೆ ದೂರದಲ್ಲಿ ಕಾರ್ಕಳದ ಗೊಮ್ಮಟ.

ಕಂಪ್ಯೂಟರ್ ಕಾಲದಲ್ಲಿ ಈ ಗೊಂದಲ ಮುಗಿಯಿತು ಅಂದುಕೊಳ್ಳಬೇಡಿ. ಯೂನಿಕೋಡ್ ಬಂದಾಗ ಯೋಗ್‌ಗೆ ಮೊದಲು ಸ್ವಂತ ಜಾಗವೇ ಇರಲಿಲ್ಲ, 3ರ ಹಾಗೇ ಕಾಣುವ ‘ಎಝ್’ ಅನ್ನುವ ಬೇರೊಂದು ಅಕ್ಷರದ ಜೊತೆ ಸೇರಿಸಿಟ್ಟಿದ್ದರು. ಆ ಅಕ್ಷರವೂ ಝಕಾರದ ಗುಂಪಿನದೇ! 1999ರ ಯೂನಿಕೋಡ್ 3.0ರಲ್ಲಿ ಯೋಗ್‌ಗೆ ಬೇರೆ ಸ್ಥಾನ ಸಿಕ್ಕಿತು. ನಗುವ ಮೊದಲು ನಮ್ಮದನ್ನೂ ನೋಡಿಕೊಳ್ಳಬೇಕು. ಯೂನಿಕೋಡಿನಲ್ಲಿ ನಮ್ಮ ೞ ಅಕ್ಷರಕ್ಕೆ ಇಟ್ಟಿರುವ ಅಧಿಕೃತ ಹೆಸರು ‘ಫ’. ತಪ್ಪು ಅಂತ ಒಪ್ಪಿಕೊಂಡು ಪಕ್ಕದಲ್ಲಿ ತಿದ್ದುಪಡಿ ಹೆಸರು ಕೊಟ್ಟಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ತೆಗೆಯುವಂತಿಲ್ಲ ಅನ್ನುವುದು ಅವರ ನಿಯಮ. ಚೆಪ್‌ಮನ್, ಮಿಲ್ಲರ್ ಕಾಲದ ಸೀಸದ ಮೊಳೆಗಿಂತ ಇದು ಗಟ್ಟಿ.

ಹಳೆಯ ಸ್ಕಾಟ್ಸ್ ಪಠ್ಯಗಳನ್ನು ಆನ್‌ಲೈನ್‌ನಲ್ಲಿ ಓದಬೇಕು ಅನ್ನುವವರಿಗೆ ನನ್ನ ಅನುಭವದಿಂದ ಒಂದೆರಡು ಮಾತು. ಸಂಪಾದಕರು ಯೋಗ್ ಅನ್ನು ಮೂರು ರೀತಿ ಅಚ್ಚು ಮಾಡಿದ್ದಾರೆ: ಯೋಗ್ ಆಗಿಯೇ, ‘ವೈ’ ಆಗಿ, ‘ಝೆಡ್’ ಆಗಿ. ಯಾವ ಪುಸ್ತಕದಲ್ಲಿ ಯಾವುದು ಅಂತ ಮುನ್ನುಡಿ ನೋಡಿಯೇ ಮುಂದೆ ಹೋಗಬೇಕು. ಸ್ಕ್ಯಾನ್ ಮಾಡಿದ ಪ್ರತಿಗಳಲ್ಲಿ ಯಂತ್ರ ಅದನ್ನು ಅಂಕಿ 3 ಅಂತಲೋ, ‘ಜಿ’ ಅಂತಲೋ ಓದಿರುತ್ತದೆ. ಹಳದಿ ಬಟ್ಟೆ ಹುಡುಕುವವರು ‘ವೈ’ ಹಾಕಿ ಹುಡುಕಿ, ಏನೂ ಸಿಗಲಿಲ್ಲ, ಆ ಕಾಲದವರಿಗೆ ಹಳದಿ ಇಷ್ಟವಿರಲಿಲ್ಲ ಅಂತ ಬರೆದುಬಿಡುವ ಅಪಾಯ ನಿಜಕ್ಕೂ ಇದೆ. ಈ ಎಲ್ಲ ರೂಪ ಹಾಕಿ ಹುಡುಕಿ, ಅಕಾರ ಎಕಾರ ಎರಡರಲ್ಲೂ. ಕ್ರೇಗಿಯ ನಿಘಂಟು 2004ರಿಂದ ಆನ್‌ಲೈನ್‌ನಲ್ಲಿ ಉಚಿತವಾಗಿ ಇದೆ, ಡಿಕ್ಷನರೀಸ್ ಆಫ್ ದಿ ಸ್ಕಾಟ್ಸ್ ಲ್ಯಾಂಗ್ವೇಜ್ ಅನ್ನುವ ಹೆಸರಿನಲ್ಲಿ. ನನ್ನ ಹಾಗೆ ‘ಝೆಡ್’ ಪುಟಗಳಲ್ಲಿ ಕೂರದೆ ನೇರ ‘ವೈ’ ವಿಭಾಗಕ್ಕೆ ಹೋಗಿ.